ಮಾವನವರು ಸುತ್ತಿದ ರುಮಾಲು

ನನ್ನ ಮಾವನವರಿಗೆ ಊರ ಮಂದಿಯ ತಲೆಗಳದೇ ಚಿಂತೆ. ತಲೆಯೊಳಗಿನದನ್ನು ದೇವರಿಗೆ ಬಿಟ್ಟಿದ್ದರು. ತಲೆಯ ಮೇಲಿನದು ಮಾತ್ರ ತಮ್ಮ ಜವಾಬ್ದಾರಿ ಎಂದುಕೊಂಡಿದ್ದರು. ಧಾರವಾಡದಿಂದ ಪುಣೆಗೆ ಬಂದು, ಸದಾಶಿವ ಪೇಠದ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದು, ಕಾರಕೂನಿಕೆ ಮಾಡಿ ನಿವೃತ್ತರಾದವರು. ಹಾದಿಯಲ್ಲಿ ಯಾರದಾದರೂ ರುಮಾಲು ಸಡಿಲಾಗಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಗುರುತಿಲ್ಲದವರನ್ನೂ ಕಟ್ಟೆಯ ಮೇಲೆ ಕೂಡಿಸಿ, ಬಿಚ್ಚಿ, ಹೊಸದಾಗಿ ಸುತ್ತಿ ಕಳಿಸುವರು. ಪುಣೆಯ ಮಂದಿ ಪುಕ್ಕಟೆ ಉಪಕಾರ ಸಹಿಸುವವರಲ್ಲ. ಒಂದಿಬ್ಬರು ಬೈದೂ ಹೋಗಿದ್ದರು.

"ಮಂದಿ ತಲಿ ಮುಟ್ಟಬ್ಯಾಡ್ರಿ, ಒಂದಿನ ಯಾರರೆ ನಿಮ್ಮ ಕೈ ಮುರೀತಾರ," ಎಂದು ಅತ್ತೆಯವರು ಒಳಗಿನಿಂದ ಕೂಗುವರು.

"ಮುರೀಲಿ. ಅವನ ರುಮಾಲ ಅಂತೂ ನೆಟ್ಟಗಾಗ್ತದಲ್ಲ?"

ನಾನು ಮದುವೆಯಾಗಿ ಆ ಮನೆಗೆ ಬಂದ ಹೊಸತು. ಒಂದು ಬೆಳಿಗ್ಗೆ ಒಬ್ಬ ಮರಾಠಿ ತರುಣ ನಮ್ಮ ಕಟ್ಟೆಯ ಮುಂದೆ ಅಳುವ ಮುಖ ಮಾಡಿ ನಿಂತಿದ್ದ. ಟಾಂಗಾವೊಂದು ಹತ್ತಿರದಿಂದಲೇ ಹಾದು ಅವನ ತಲೆಯ ಫೇಟಾ ಬಿದ್ದು ಬಿಚ್ಚಿಹೋಗಿತ್ತು. ಒಂದು ಕಚೇರಿಯಲ್ಲಿ ನೌಕರಿಗೆ ಕರೆದಿದ್ದರಂತೆ. ಬರಿದಲೆಯಲ್ಲಿ ಹೋದರೆ ಜವಾನನೂ ಒಳಗೆ ಬಿಡುವುದಿಲ್ಲ. ಮಾವನವರಿಗೆ ಹಬ್ಬ. ಧೂಳು ಝಾಡಿಸಿ, ತಮಗೆ ಬರುವ ಒಂದೇ ರೀತಿಯಲ್ಲಿ, ಅಂದರೆ ಅಚ್ಚ ಧಾರವಾಡದ ರೀತಿಯಲ್ಲಿ ಸುತ್ತಿ, ಬೆನ್ನು ತಟ್ಟಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ಸಂಗತಿಯನ್ನೇ ಮರೆತರು.

ಕೆಲವು ವಾರಗಳ ಮೇಲೆ, ಮಳೆ ಹೊಡೆಯುತ್ತಿದ್ದ ಒಂದು ಸಂಜೆ, ಅದೇ ತರುಣ ತೊಯ್ದ ಬಟ್ಟೆಯ ಮುದ್ದೆ ಹಿಡಿದು ಬಾಗಿಲಿಗೆ ಬಂದ. ನಡೆದದ್ದನ್ನು ಮರಾಠಿಯಲ್ಲಿ ಹೇಳಿಕೊಂಡ. ಆಗೆಲ್ಲ ರುಮಾಲು ನೋಡಿಯೇ ಯಾವ ಸೀಮೆಯವರೆಂದು ಹೇಳುವ ಕಾಲ. ಆ ಕಚೇರಿಯ ಹೆಡ್‌ಕ್ಲಾರ್ಕರು ನಮ್ಮ ಧಾರವಾಡದ ಕಡೆಯವರು; ಇವನ ತಲೆ ಕಂಡ ಕೂಡಲೇ ಮುಖವರಳಿಸಿ ಕನ್ನಡದಲ್ಲಿ ಏನೋ ಕೇಳಿದರು. ಇವನು ಹೆದರಿ "ಹೂಂ" ಅಂದ. ಇನ್ನೊಂದು ಕೇಳಿದರು, ಅದಕ್ಕೂ "ಹೂಂ". ನೌಕರಿ ಸಿಕ್ಕಿತು. ಪುಣೆಯಲ್ಲೇ ಹುಟ್ಟಿ ನಾಲಿಗೆ ತುಕ್ಕು ಹಿಡಿದ ಕನ್ನಡದ ಹುಡುಗ ಎಂದು ಅವರೇ ತಿಳಿದುಕೊಂಡರು, ಎಲ್ಲರ ಮುಂದೆಯೂ ಹಾಗೇ ಹೇಳಿದರು. ಇನ್ನು ಆರು ತಿಂಗಳಿಗೆ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಅವರ ಕೈಯಲ್ಲಿತ್ತು. ಊರಲ್ಲಿ ತಾಯಿ, ಇಬ್ಬರು ತಂಗಿಯರು ಇವನ ಪಗಾರವನ್ನೇ ನಂಬಿದ್ದರು. ಸುತ್ತಲು ಬಾರದ ಕಾರಣ ಆ ರುಮಾಲನ್ನು ಬಿಚ್ಚದೆ, ರಾತ್ರಿ ತಾಮ್ರದ ಬಿಂದಿಗೆಯ ಮೇಲಿಟ್ಟು, ಬೆಳಿಗ್ಗೆ ಮುಚ್ಚಳದಂತೆ ಎತ್ತಿ ತಲೆಗಿಟ್ಟುಕೊಳ್ಳುತ್ತಿದ್ದ. ಈಗ ಮಳೆ ಅದನ್ನೂ ಕೆಡಿಸಿತ್ತು.

ಮಾವನವರು ಸುತ್ತುವುದನ್ನು ಕಲಿಸಲು ಕೂತರು. ಅತ್ತೆಯವರು ಕೇಳಿ ಕೇಳಿ ನಿಟ್ಟುಸಿರು ಬಿಟ್ಟರು. "ಬರೇ ತಲಿ ಕನ್ನಡ ಆದ್ರ ಸಾಲದು. ಬಾಯಿ?"

ಅಂದಿನಿಂದ ಅವನು ದಿನಾ ಸಂಜೆ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕನ್ನಡ ಕಲಿತ. ಅತ್ತೆಯವರನ್ನು ಮರಾಠಿ ರೂಢಿಯಂತೆ ಮಾವಶಿ, ಅಂದರೆ ದೊಡ್ಡಮ್ಮ, ಎಂದು ಕರೆಯುತ್ತಿದ್ದ. ಅತ್ತೆಯವರು ರೊಟ್ಟಿ ಬಡಿಯುತ್ತ ಏನಂದರೆ ಅದೇ ಪಾಠ. ಹೀಗಾಗಿ ಅವನ ಕನ್ನಡ ಅರವತ್ತರ ಹೆಂಗಸಿನ ಕನ್ನಡವಾಯಿತು. ಬರೆಯುವ ಲೆಕ್ಕಣಿಕೆ ಕೈಜಾರಿ ಬಿದ್ದರೆ "ಅಯ್ಯ ನನ್ನವ್ವಾ" ಅನ್ನುವನು. ಒಮ್ಮೆ ಕಚೇರಿಯಲ್ಲಿ ಹೆಡ್‌ಕ್ಲಾರ್ಕರ ಬಾಡಿದ ಮುಖ ನೋಡಿ, "ಯಾಕ್ರೀ ಸಾಹೇಬ್ರ, ಹೊಟ್ಟಿ ತುಂಬ ಉಂಡೀರಿಲ್ಲೋ? ಹಿಂಗಾದ್ರ ಜೀವ ಹ್ಯಾಂಗ ತಡೀಬೇಕ್ರೀ?" ಎಂದನಂತೆ. ಹೆಂಡತಿಯನ್ನು ಊರಲ್ಲಿ ಬಿಟ್ಟು ಖಾನಾವಳಿಯಲ್ಲಿ ಉಣ್ಣುತ್ತಿದ್ದ ಅವರ ಕಣ್ಣು ಒದ್ದೆಯಾಯಿತು. ಇಂಥ ಮಾತು ಎಲ್ಲಿ ಕಲಿತೆಯೋ ಎಂದು ಕೇಳಿದರು. "ಸದಾಶಿವ ಪೇಠದಾಗ ನಮ್ಮ ಮಾವಶಿ ಇದ್ದಾಳ್ರೀ," ಎಂದ. ಹಾಗಾದರೆ ಈ ರವಿವಾರ ಅಲ್ಲಿಗೇ ಊಟಕ್ಕೆ ಬರುತ್ತೇನೆ ಎಂದರು ಅವರು.

ಅತ್ತೆಯವರು ಹಣೆ ಚಚ್ಚಿಕೊಂಡರು. ಸುಳ್ಳು ಹೇಳುವುದು ಅವರಿಂದಾಗದು; ನಿಜ ಹೇಳಿದರೆ ಹುಡುಗನ ನೌಕರಿ ಹೋಯಿತು. ಕೊನೆಗೆ ಮಾತಿಗೆ ಅವಕಾಶವೇ ಇಲ್ಲದಂತೆ ಬಡಿಸುವುದೆಂದು ನಿಶ್ಚಯಿಸಿದರು. ರವಿವಾರ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೆಡ್‌ಕ್ಲಾರ್ಕರು ಬಾಯಿ ತೆರೆದಾಗಲೆಲ್ಲ ನಾನು ಇನ್ನೊಂದು ರೊಟ್ಟಿ ಹಾಕಬೇಕೆಂದು ಆಜ್ಞೆಯಾಗಿತ್ತು.

"ಇವ ನಿಮ್ಮ ಖಾಸ ತಂಗಿ ಮಗಾ ಏನ್ರೀ?" ಎಂದು ಅವರು ಕೇಳಿಯೇಬಿಟ್ಟರು.

"ನನ್ನ ಕೈಯಾಗ ಉಂಡವರೆಲ್ಲ ನನ್ನ ಮಕ್ಕಳರೀ. ಮೊಸರ ಹಾಕವಾ," ಎಂದರು ಅತ್ತೆ, ನನ್ನ ಕಡೆ ತಿರುಗಿ.

ಊಟ ಗೆದ್ದೆವು. ಅಷ್ಟರಲ್ಲಿ ಮಾವನವರ ಕಣ್ಣು ಗೂಟಕ್ಕೆ ಸಿಕ್ಕಿಸಿದ್ದ ಅತಿಥಿಯ ರುಮಾಲಿನ ಮೇಲೆ ಬಿತ್ತು.

"ಇದನ್ಯಾರು ಸುತ್ಯಾರ್ರೀ? ಬುಟ್ಟಿಗತೆ ಆಗೇದ!"

ಬೇಡವೆನ್ನುವಷ್ಟರಲ್ಲಿ ಬಿಚ್ಚಿಯೂ ಆಗಿತ್ತು. ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದರು, ಇನ್ನೊಂದನ್ನು ಹೆಡ್‌ಕ್ಲಾರ್ಕರ ತಲೆಗೆ ಹಚ್ಚಿದರು. ಸುತ್ತುವಾಗ ಮಾವನವರ ಬಾಯಿಗೆ ತಡೆಯಿಲ್ಲ.

"ನನ್ನ ಕೈ ಗುಣಾ ಅಂದ್ರ ಏನಂತ ತಿಳದೀರಿ? ಈ ಮರಾಠಿ ಹುಡುಗನ್ನ ನಾ ಮೊದಲ ಕಂಡಾವನೂ ಅಲ್ಲ. ಕಟ್ಟಿ ಮ್ಯಾಲೆ ಕೂಡಿಸಿ ಹಿಂಗ ಸುತ್ತಿದೆ ನೋಡ್ರಿ, ಅವತ್ತ ನೌಕರಿ ಆತು!"

ಅತ್ತೆಯವರ ಕೈಯ ತಾಟು ಬಿತ್ತು. ಹೆಡ್‌ಕ್ಲಾರ್ಕರು ಕೆಂಪಾಗಿ ಏಳಹೋದರು. ಮಾವನವರು ಅವರ ತಲೆಯನ್ನು ಒತ್ತಿ ಕೂಡಿಸಿದರು. "ಅಳ್ಳಾಡಬ್ಯಾಡ್ರಿ, ಮಡಿಕೆ ಕೆಡ್ತದ." ಎದ್ದು ಹೋಗುವುದಾದರೂ ಹೇಗೆ? ಅರ್ಧ ರುಮಾಲು ತಲೆಯ ಮೇಲೆ, ಅರ್ಧ ಅಪರಾಧಿಯ ಕೈಯಲ್ಲಿ. ಬಿಟ್ಟು ಹೋದರೆ ಪೇಠದ ಹಾದಿಯಲ್ಲಿ ಬರಿದಲೆ.

"ನನಗ ಮೋಸಾ ಮಾಡಿದೆಲ್ಲೋ!" ಎಂದು ಅವರು ಕುಳಿತಲ್ಲಿಂದಲೇ ಗುಡುಗಿದರು.

ಹುಡುಗ ತುದಿ ಬಿಡದೆ ಹೇಳಿದ: "ನನ್ನ ಬಾಯಾಗ ಮಣ್ಣ ಬೀಳ್ಲಿ ಸಾಹೇಬ್ರ. ಸುಳ್ಳ ಹೇಳಲಿಲ್ಲರೀ, ಹೂಂ ಅಂದೆ. ಅವ್ವನ ಹೊಟ್ಟಿ ಕಣ್ಣಮುಂದ ಬಂತ್ರೀ."

"ಅವ ಕೆಲಸದಾಗ ಏನರೆ ಕೆಡಿಸ್ಯಾನೇನ್ರೀ?" ಎಂದು ಅತ್ತೆ ಮುಂದೆ ಬಂದರು.

"ಕೆಲಸ ಛಲೋ ಮಾಡ್ತಾನ. ಅದಲ್ಲ ಮಾತು."

"ಮತ್ತ? ರುಮಾಲ ನೋಡಿ ನೌಕರಿ ಕೊಟ್ಟವರು ನೀವು. ತಪ್ಪು ಹುಡುಗಂದು ಹ್ಯಾಂಗ ಆಗ್ತದ?"

ಮಾವನವರು ಅವಸರ ಮಾಡುವವರಲ್ಲ. ಒಂದೊಂದು ಸುತ್ತಿಗೂ ಹುಡುಗ ಒಂದೊಂದು ಹೆಜ್ಜೆ ಹೆಡ್‌ಕ್ಲಾರ್ಕರ ಸಮೀಪ ಬರಬೇಕು. ಕೊನೆಯ ಸುತ್ತಿನ ಹೊತ್ತಿಗೆ ಇಬ್ಬರ ಮೂಗೂ ಎದುರುಬದುರಾಗಿದ್ದವು. ಅಷ್ಟು ಹತ್ತಿರದಿಂದ ಸಿಟ್ಟು ಮಾಡುವುದು ಕಷ್ಟವೆಂದು ನಾನು ಅಂದು ಕಂಡೆ. ಮೊದಲು ಅವರ ಮೀಸೆ ಅಲುಗಿತು, ಆಮೇಲೆ ಹೊಟ್ಟೆ.

"ಮುದುಕಿ ಹಂಗ ಮಾತಾಡ್ತಾನಲ್ಲ, ಯಾರ ಕಲಿಸ್ಯಾರ ಇವಗ ಅಂತ ದಿನಾ ವಿಚಾರ ಮಾಡ್ತಿದ್ದೆ," ಎಂದರು.

"ಮುದುಕಿ ಯಾರ್ರೀ?" ಎಂದರು ಅತ್ತೆ.

ಅವರು ಮತ್ತೆ ಹುಡುಗನ ಕಡೆ ತಿರುಗಿದರು. "ನಾಳೆ ಹೊತ್ತಿಗೆ ಸರಿಯಾಗಿ ಬಾ. ಕಾಯಂ ಮಾಡಬೇಕಾದ್ರ ನಿನ್ನ ಕೆಲಸ ನೋಡಿ ಮಾಡ್ತೀನಿ. ಮತ್ತ, ನನ್ನ ಮುಂದ ಹಂಗ ಮಾತಾಡ್ತಿರು."

ಆರು ತಿಂಗಳು ತುಂಬಿದ ಮೇಲೆ ಕಾಯಂ ಮಾಡಿಯೂ ಬಿಟ್ಟರು. ತಾಯಿ, ತಂಗಿಯರು ಪುಣೆಗೆ ಬಂದರು.

ಆ ರವಿವಾರ ಹೆಡ್‌ಕ್ಲಾರ್ಕರೂ ಹುಡುಗನೂ ಒಂದೇ ನಮೂನೆಯ ರುಮಾಲು ಸುತ್ತಿಕೊಂಡು ಹಾದಿಗಿಳಿದ ಮೇಲೆ, ಮಾವನವರು ಕಟ್ಟೆಯಿಂದ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಿದ್ದರು.

"ಅಲ್ಲ, ನಡುವ ಅವರು ಯಾಕ ಅಷ್ಟು ಸಿಟ್ಟಿಗೆದ್ರು?" ಎಂದು ಕೇಳಿದರು. "ನಾ ಏನ್ ಭಾಳ ಬಿಗಿದು ಸುತ್ತಿದೆನೇನು?"