ಕೂರದ ಮೇಸ್ತ್ರಿಯ ಮೂರನೇ ಸವಾರಿ

ಊರಿನ ಅರ್ಧ ಜನರನ್ನು ಕೂರಿಸಿದವನು ತಾನು ಮಾತ್ರ ಕೂತವನಲ್ಲ. ಬಸ್ಸಿನ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ಸೀಟು ಹೊಲಿದ ಮನುಷ್ಯ. ಫೋಮು ಕತ್ತರಿಸುವುದು, ರೆಕ್ಸಿನ್ ಎಳೆದು ಹಲಗೆಗೆ ಬಡಿಯುವುದು, ಮೂಲೆಯಲ್ಲಿ ಸುಕ್ಕು ಬಾರದಂತೆ ಮಡಿಸುವುದು, ಎಲ್ಲವೂ ನಿಂತೇ. ಊಟದ ಡಬ್ಬಿಯನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ತಿನ್ನುತ್ತಿದ್ದ. ಎದುರಿಗೆ ಸೀಟು ಮೇಸ್ತ್ರಿ, ಬೆನ್ನ ಹಿಂದೆ ಕೂರದ ಮೇಸ್ತ್ರಿ. ಎರಡನೆಯ ಹೆಸರೂ ಅವನಿಗೆ ಗೊತ್ತಿತ್ತು, ಬೇಜಾರಿರಲಿಲ್ಲ.

ಸೀಟು ಮುಗಿದ ಮೇಲೆ ಅವನದೊಂದು ಪರೀಕ್ಷೆ. ಹೆಬ್ಬೆರಳನ್ನು ಸೀಟಿನ ನಟ್ಟನಡುವೆ ಒತ್ತುವನು. ಬೆರಳು ಮೊದಲ ಗೆಣ್ಣಿನವರೆಗೆ ಇಳಿದರೆ ಸೀಟು ಪಾಸು. ಇಳಿಯದಿದ್ದರೆ ಬಿಚ್ಚಿ ಇನ್ನೊಂದು ಪದರ ಫೋಮು. ಮೆತ್ತಗಿದ್ದಷ್ಟೂ ಮೇಲು, ಇದು ಅವನ ವೇದಾಂತ. ಆ ಹೆಬ್ಬೆರಳನ್ನು ಮೀರಿ ಮಾತಾಡುವವನು ವರ್ಕ್‌ಶಾಪಿನಲ್ಲಿ ಒಬ್ಬನೇ ಒಬ್ಬನಿದ್ದ. ದೂರದ ರೂಟಿನ ಡ್ರೈವರು, ಎಲ್ಲದಕ್ಕೂ ಗೊಣಗುವವನು, ಅದಕ್ಕೇ ಗೊಣಗಣ್ಣ. ತಿಂಗಳಿಗೊಮ್ಮೆಯಾದರೂ ಬಾಗಿಲಲ್ಲಿ ನಿಂತು, “ಮೇಸ್ತ್ರೀ, ನಿನ್ನ ಸೀಟು ಮೊದಲ್ನೇ ಮೈಲಿಗೆ ಹಾಸಿಗೆ, ನೂರನೇ ಮೈಲಿಗೆ ಜಲ್ಲಿ,” ಎಂದು ಹೇಳಿ ಹೋಗುವನು. ಗೊಣಗುವವನ ಬಾಯಿಗೆ ಬೀಗ ಹಾಕುವವರುಂಟೇ ಎಂದುಕೊಂಡು ಮೇಸ್ತ್ರಿ ಮುಂದಿನ ಸೀಟಿಗೆ ಕೈ ಹಾಕುವನು.

ಅಂಥವನಿಗೆ ನಿವೃತ್ತಿ ಬಂತು. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ಬಾಲ ಸುಟ್ಟ ಬೆಕ್ಕಿನಂತೆ ಅಷ್ಟರಲ್ಲೇ ಸುತ್ತಿದ. ಕುರ್ಚಿಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಎರಡು ನಿಮಿಷಕ್ಕೆ ಎದ್ದು ನಲ್ಲಿ ಬಿಗಿ ಮಾಡುವನು, ನೆಟ್ಟಗಿದ್ದ ಗಡಿಯಾರವನ್ನು ಸರಿಮಾಡಲು ಹೋಗಿ ಸೊಟ್ಟ ಮಾಡುವನು. ಹೆಂಡತಿ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ದಿನಕ್ಕೆ ಎಂಟು ಗಂಟೆ ಕೂತು ಬರುವವಳು. ಮನೆಗೆ ಬಂದರೆ ಈ ಗಡಿಬಿಡಿ. ಮೂರನೆಯ ವಾರ ಅವಳೇ ಹೇಳಿದಳು: “ರೀ, ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ಸುತ್ತು ಬರ್ತಿದೆ. ಕಾಲಿಗೆ ಚಕ್ರ ಕಟ್ಕೊಂಡಿದ್ದೀರಲ್ಲ, ನಿಜವಾದ ಚಕ್ರನೇ ತಗೊಂಡು ಬೀದಿಗೆ ಹೋಗಿ.”

ತಮಾಷೆಗೆ ಆಡಿದ ಮಾತು. ಅವನು ಮಾರನೆಯ ದಿನ ಗೇರಿನ ಸೈಕಲ್ಲು ತಂದು ಗೋಡೆಗೆ ಒರಗಿಸಿದ.

ಅದೇನು ಮಾಯವೋ, ಪೆಡಲು ತುಳಿಯುವಾಗ ಮಾತ್ರ ಅವನ ಮನಸ್ಸು ಒಂದು ಕಡೆ ನಿಲ್ಲುತ್ತಿತ್ತು. ಕಾಲು ಓಡುತ್ತಿದ್ದರೆ ತಲೆ ಸುಮ್ಮನಿರುತ್ತಿತ್ತು. ಬೆಳಗಿನ ಸೈಕಲ್ ಗುಂಪಿಗೆ ಸೇರಿದ. ಇಪ್ಪತ್ತು ಕಿಲೋಮೀಟರು ಮೂವತ್ತಾಯಿತು, ಮೂವತ್ತು ಐವತ್ತಾಯಿತು. ಆ ಗುಂಪಿನವರು ವರ್ಷದಲ್ಲಿ ಮೂರು ಸಲ ಒಂದು ದೊಡ್ಡ ಸವಾರಿ ಇಡುತ್ತಿದ್ದರು: ಇನ್ನೂರು ಕಿಲೋಮೀಟರು, ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳೂವರೆಯೊಳಗೆ ವಾಪಸು. ಮೇಸ್ತ್ರಿ ಹೆಸರು ಕೊಟ್ಟ.

ಮೊದಲ ಸಲ ಮಾಮೂಲಿ ಪ್ಯಾಂಟಿನಲ್ಲಿ ಹೋಗಿ ತೊಂಬತ್ತಕ್ಕೆ ಇಳಿದ. ಕಾಲು ಸೋಲಲಿಲ್ಲ, ಉಸಿರು ಸೋಲಲಿಲ್ಲ, ಸೋತದ್ದು ಕೂರುವ ಜಾಗ. ಎರಡನೆಯ ಸಲಕ್ಕೆ ತನ್ನ ವಿದ್ಯೆಯನ್ನೇ ಹೂಡಿದ. ಅಟ್ಟದ ಮೇಲಿನ ಗಂಟಿನಿಂದ ಎರಡು ಇಂಚಿನ ಫೋಮು ತೆಗೆದು, ಸೀಟಿನ ಆಕಾರಕ್ಕೆ ಕತ್ತರಿಸಿ, ಚಡ್ಡಿಯೊಳಗೆ ಕೂರಿಸಿ, ಬಸ್ಸಿನ ಸೀಟಿಗೆ ಹಾಕುವ ದಪ್ಪ ದಾರದಲ್ಲೇ ಹೊಲಿದ. ಹೆಬ್ಬೆರಳು ಗೆಣ್ಣಿನವರೆಗೆ ಇಳಿಯಿತು. ಪಾಸು. ಹೊರಡುವಾಗ ಹೆಂಡತಿ ಹಿಂದಿನಿಂದ ನೋಡಿ, “ದಿಂಬನ್ನ ಹಾಸಿಗೆ ಮೇಲೆ ಬಿಟ್ಟು ಹೋಗಬಾರದಾ?” ಎಂದಳು.

ಮೊದಲ ಐವತ್ತು ಕಿಲೋಮೀಟರು ಹೂವಿನ ಮೇಲೆ ಕೂತಂತಿತ್ತು. ನೂರಕ್ಕೆ ಫೋಮು ಬೆವರು ಕುಡಿದು ಒದ್ದೆ ಬಟ್ಟೆಯ ಮುದ್ದೆಯಾಯಿತು. ನೂರ ಮೂವತ್ತಕ್ಕೆ ಆ ದಪ್ಪ ದಾರದ ಹೊಲಿಗೆ ಗರಗಸವಾಯಿತು. ತರಕಾರಿಯ ವ್ಯಾನೊಂದರಲ್ಲಿ ಸೈಕಲ್ಲು ಏರಿಸಿಕೊಂಡು, ಕಂಬಿ ಹಿಡಿದು ನಿಂತೇ ಮನೆಗೆ ಬಂದ. ಮೂರು ದಿನ ಬೋರಲು ಮಲಗಿದ.

ಮುಲಾಮು ಹಚ್ಚುವ ಕೆಲಸ ಹೆಂಡತಿಯ ಪಾಲಿಗೆ ಬಂತು. “ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ,” ಎಂದಳು ಅವಳು. “ನಿಮ್ಮ ಹುಣ್ಣಿಗೆ ಕನ್ನಡಿನೂ ಬೇಕು, ಲೈಟೂ ಬೇಕು, ನಾನೂ ಬೇಕು.”

ಅವನು ದಿಂಬಿನೊಳಗೆ ಮುಖವಿಟ್ಟು ನಕ್ಕ. ಅವಳು ನಗಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳಿದಳು: “ಕೇಳಿ. ಈ ಹುಣ್ಣು ಕೀವಾಗಿದ್ದರೆ ಕತ್ತರಿಸಬೇಕಿತ್ತು. ದಿನಾ ಅಂಥವರಿಗೆ ಚೀಟಿ ಬರೆಯೋಳು ನಾನು. ಮೂರನೇ ಸಲ ಹೋಗಿ, ಬೇಡ ಅನ್ನಲ್ಲ. ಆದರೆ ಅದೂ ಆಗಲಿಲ್ಲ ಅಂದರೆ ಸೈಕಲ್ಲು ನನ್ನ ತಮ್ಮನಿಗೆ. ಆಮೇಲೆ ಮಾತಿಲ್ಲ.”

“ನಿನ್ನ ತಮ್ಮ ಅದನ್ನ ಬಟ್ಟೆ ಒಣಹಾಕೋಕೆ ಇಟ್ಕೋತಾನೆ ಕಣೇ.”

“ಇಟ್ಕೊಳ್ಲಿ. ಬಟ್ಟೆಗೆ ಹುಣ್ಣಾಗಲ್ಲ.”

ಅವಳು ಆಡಿದರೆ ಆಡಿದ್ದೇ. ಮೇಸ್ತ್ರಿಗೆ ಹತ್ತೊಂಬತ್ತು ಹೆಜ್ಜೆಯ ಆ ಮನೆ ಕಣ್ಣ ಮುಂದೆ ಬಂತು, ಸೈಕಲ್ಲಿಲ್ಲದ ಗೋಡೆ ಬಂತು. ಎದೆಯೊಳಗೆ ಹಳೆಯ ಹೊಲಿಗೆ ಯಂತ್ರ ಓಡತೊಡಗಿತು.

ಹುಣ್ಣು ಮಾಗಿದ ಮೇಲೆ, ಸವಾರಿಗೆ ಮೂರು ವಾರವಿರುವಾಗ, ಸೈಕಲ್ ಅಂಗಡಿಗೆ ಹೋದ. ಗಲ್ಲಾದಲ್ಲಿದ್ದ ಹೆಂಗಸು ಒಳಗೆ ಮೆತ್ತೆ ಹೊಲಿದ ಪ್ಯಾಡಿನ ಚಡ್ಡಿಗಳನ್ನು ಹರಡಿದಳು. ತೆಳ್ಳಗಿನವು, ದಪ್ಪನವು, ಭುಜಕ್ಕೆ ಪಟ್ಟಿ ಇದ್ದವು. ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿಯ ಹೆಬ್ಬೆರಳು ಸಾಲಾಗಿ ಎಲ್ಲವನ್ನೂ ಒತ್ತಿಬಿಟ್ಟಿತ್ತು.

“ಇದು ಕೊಡಮ್ಮ.”

“ಅದು ಅರ್ಧ ಗಂಟೆ ಓಡಿಸೋರಿಗೆ, ಅಂಕಲ್. ದೂರಕ್ಕೆ ಹೋಗೋದಾದ್ರೆ…”

“ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೀನಮ್ಮ.”

“ಚಡ್ಡಿ ಕೆಲಸಾನಾ?”

“ಸೀಟಿನ ಕೆಲಸ.”

ಅವಳು ಸುಮ್ಮನೆ ಕಟ್ಟಿಕೊಟ್ಟಳು. ಕೊಡುವಾಗ ಮಾತ್ರ, “ಒಳಗೆ ಬೇರೆ ಏನೂ ಹಾಕಬೇಡಿ, ಇದೊಂದೇ,” ಎಂದಳು. ಮೇಸ್ತ್ರಿಯ ಕಿವಿ ಕೆಂಪಾಯಿತು. ಮಗಳ ವಯಸ್ಸಿನವಳು ಆಡುವ ಮಾತೇ ಇದು ಎಂದುಕೊಂಡು, ಕೇಳಿಸದವನಂತೆ ಹೊರಬಿದ್ದ. ಮಾರನೆಯ ದಿನ ನಸುಕಿಗೇ ಅಭ್ಯಾಸಕ್ಕೆಂದು ಮರ್ಯಾದಸ್ಥನಂತೆ ಒಳಚಡ್ಡಿ ಹಾಕಿ, ಅದರ ಮೇಲೆ ಆ ದಪ್ಪ ಪ್ಯಾಡು ಹಾಕಿ ಹೊರಟ. ಅರವತ್ತಕ್ಕೆ ಹಳೆಯ ಜಾಗವೇ ಉರಿಯತೊಡಗಿತು. ಉಳಿದ ದಾರಿ ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಮನೆಗೆ ಬಂದು ಏನೂ ಆಗದವನಂತೆ ನಕ್ಕ. ಹೆಂಡತಿ ಮುಲಾಮಿನ ಡಬ್ಬಿಯನ್ನು ಅವನ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದಳು.

ಉರಿ ಆರುವಷ್ಟರಲ್ಲಿ ಸವಾರಿಗೆ ಹನ್ನೊಂದು ದಿನ ಉಳಿದಿತ್ತು. ಮುಂಬಾಗಿಲು, ಹಿತ್ತಲ ಬಾಗಿಲು. ಮುಂಬಾಗಿಲು, ಹಿತ್ತಲ ಬಾಗಿಲು. ಹತ್ತೊಂಬತ್ತು ಹೆಜ್ಜೆ ಎಣಿಸುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಗೊಣಗಣ್ಣನ ಮಾತು ನೆನಪಾಯಿತು. ಮೊದಲ್ನೇ ಮೈಲಿಗೆ ಹಾಸಿಗೆ, ನೂರನೇ ಮೈಲಿಗೆ ಜಲ್ಲಿ. ಮೈಲಿಯೇನು, ಕಿಲೋಮೀಟರೇನು, ತನಗೆ ಆಗಿದ್ದೂ ಅದೇ ಅಲ್ಲವೇ? ಚಪ್ಪಲಿ ಮೆಟ್ಟಿ ಹೊರಟ.

ಗೊಣಗಣ್ಣ ಮಗಳ ಮನೆಯ ಜಗಲಿಯಲ್ಲಿ ಮರದ ಮಣೆಯ ಮೇಲೆ ಕೂತು ರೇಡಿಯೋ ಬಿಚ್ಚಿಕೊಂಡಿದ್ದ. ಪಕ್ಕದಲ್ಲಿ ಮೆತ್ತನೆಯ ಕುರ್ಚಿ ಖಾಲಿಯಿತ್ತು.

“ಓಹೋ, ಕೂರದ ಮೇಸ್ತ್ರಿ. ಬಾ, ನಿಂತ್ಕೋ,” ಎಂದ.

ಮೇಸ್ತ್ರಿ ನಿಂತೇ ಎಲ್ಲವನ್ನೂ ಹೇಳಿದ. ಮುದುಕ ಸ್ಕ್ರೂಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾ ಕೇಳಿದ. ಕೊನೆಗೆ ತಲೆ ಎತ್ತದೆಯೇ, “ನಿನ್ನ ಸೀಟಲ್ಲಿ ನೀನು ಎಷ್ಟು ಹೊತ್ತು ಕೂತು ನೋಡಿದ್ದೀಯಾ?” ಎಂದ.

“ಒಂದ್ನಿಮಿಷ ಕೂತಿರಬಹುದು, ಅಣ್ಣ. ಬೆರಳಲ್ಲಿ ಒತ್ತಿ ನೋಡ್ತಿದ್ದೆನಲ್ಲ.”

“ನಾವು ಬೆರಳ ಮೇಲೆ ಕೂತ್ಕೊಂಡು ಬಸ್ ಓಡಿಸ್ತಿದ್ವಾ?”

ಮೇಸ್ತ್ರಿ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡ. ಗೊಣಗಣ್ಣ ಚಾಕುವಿನಂಥ ಸಣ್ಣ ತಿರುಪುಳಿಯನ್ನು ಕೆಳಗಿಟ್ಟ. “ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳ್ತೀನಿ. ನೀನು ಹಾಕಿಕೊಟ್ಟ ಫೋಮನ್ನ ನಾವು ದೂರದ ರೂಟಿನೋರು ಅದೇ ದಿನ ಕಿತ್ತು ಸೀಟಿನ ಕೆಳಗೆ ತುರುಕ್ತಿದ್ವಿ. ಬದಲಿಗೆ ನಾರಿನ ಚಾಪೆ ಮಡಚಿ ಹಾಕ್ಕೊಂಡು, ಅದರ ಮೇಲೆ ನಿನ್ನ ರೆಕ್ಸಿನ್ನು. ತಪಾಸಣೆ ದಿನ ಬೆಳಿಗ್ಗೆ ಮತ್ತೆ ಫೋಮು ಒಳಗೆ. ನಿನ್ನ ಮನಸ್ಸು ನೋಯಬಾರದು ಅಂತ.”

“ಎಲ್ಲರೂನಾ?”

“ಎಲ್ಲರೂ. ನೀನು ಒಳ್ಳೇ ಮನುಷ್ಯ, ಮೇಸ್ತ್ರಿ. ಅದಕ್ಕೇ ಯಾರೂ ಹೇಳಲಿಲ್ಲ. ನಾನೊಬ್ಬ ಹೇಳ್ದೆ, ನನ್ನನ್ನ ಗೊಣಗಣ್ಣ ಅಂದ್ರಿ.”

ಜಗಲಿ ಚಿಕ್ಕದು, ಆ ತುದಿಯಿಂದ ಈ ತುದಿಗೆ ಆರೇ ಹೆಜ್ಜೆ. ಮೇಸ್ತ್ರಿ ಅದರಲ್ಲೇ ಸುತ್ತು ಹಾಕಿದ. ಮೂವತ್ತೆರಡು ವರ್ಷದ ಸೀಟುಗಳು ಒಂದೊಂದಾಗಿ ಬಾಯಿ ಬಿಟ್ಟು ಫೋಮು ಕಕ್ಕುತ್ತಿರುವಂತೆ ಅನಿಸಿತು. ಸಿಟ್ಟು ಬಂತು, ಯಾರ ಮೇಲೆ ಎಂದು ಹುಡುಕಿದರೆ ಸಿಗಲಿಲ್ಲ.

“ಸುತ್ತಬೇಡ, ಕೇಳು,” ಎಂದ ಮುದುಕ. “ಮೆತ್ತಗಿದ್ದರೆ ಕೂರೋ ಜಾಗದ ಮೂಳೆ ಒಳಗೆ ಇಳಿಯುತ್ತೆ. ಮೂಳೆ ಇಳಿದ್ರೆ ಮಿಕ್ಕಿದ ಮಾಂಸ ಎಲ್ಲ ಉಜ್ಜುತ್ತೆ. ಎರಡು ಮೂಳೆಗೆ ಎರಡು ಗಟ್ಟಿ ಜಾಗ ಸಿಕ್ಕಿದ್ರೆ ಸಾಕು, ಬೇರೆ ಏನೂ ಬೇಡ. ಮತ್ತೆ ಸೀಟನ್ನ ಮೊದಲ್ನೇ ನಿಮಿಷದಲ್ಲಿ ನಂಬಬೇಡ. ಒಂದು ಗಂಟೆ ಆದಮೇಲೆ ಅದೇ ನಿಜ ಹೇಳುತ್ತೆ.”

ಅಲ್ಲಿಂದ ಮೇಸ್ತ್ರಿ ನೆಟ್ಟಗೆ ಅಂಗಡಿಗೇ ಹೋದ. ಗಲ್ಲಾದ ಹೆಂಗಸಿನ ಮುಂದೆ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತ, ಹೆಬ್ಬೆರಳು ಹೊರಗೆ ಬಾರದಿರಲೆಂದು.

“ಅವತ್ತು ನೀನು ಏನೋ ಹೇಳ್ತಿದ್ದೆ, ನಾನು ಕೇಳಿಸ್ಕೊಳ್ಳಲಿಲ್ಲ. ಈಗ ಹೇಳಮ್ಮ.”

ಅವಳು ಹೇಳಿದಳು. ಪ್ಯಾಡು ಗಟ್ಟಿ ಇರಬೇಕು, ದಪ್ಪ ಇರಬೇಕಿಲ್ಲ. ಮೂಳೆ ಊರುವ ಕಡೆ ಹೊಲಿಗೆ ಬರಬಾರದು. ಬಟ್ಟೆ ಮೈಗೆ ಬಿಗಿಯಾಗಿ ಅಂಟಬೇಕು, ಸಡಿಲವಾದರೆ ಜಾರಿ ಉಜ್ಜುತ್ತದೆ. ಬೆವರು ಹೀರಿ ಬೇಗ ಒಣಗಬೇಕು. “ಮತ್ತೆ ಒಳಗೆ…” ಎಂದು ನಿಲ್ಲಿಸಿದಳು.

“ಏನೂ ಇಲ್ಲ,” ಎಂದ ಮೇಸ್ತ್ರಿ, ಗೋಡೆಯ ಕಡೆ ನೋಡುತ್ತಾ. “ಇನ್ನೊಂದು ವಿಷ್ಯ. ಆ ಸ್ಟ್ಯಾಂಡಿನ ಮೇಲಿರೋ ಸೈಕಲ್ಲಲ್ಲಿ ನಾನು ಒಂದು ಗಂಟೆ ಕೂರಬೇಕು.”

“ಒಂದು ಗಂಟೆನಾ?”

“ಒಂದೊಂದು ಚಡ್ಡಿಗೂ.”

ಹಾಕಿ ನೋಡಲೆಂದೇ ಅಂಗಡಿಯಲ್ಲಿ ಒಗೆದಿಟ್ಟ ಮೂರು ಇದ್ದವು. ಮೂರು ಮಧ್ಯಾಹ್ನ ಮೇಸ್ತ್ರಿ ಅಂಗಡಿಯ ಗಾಜಿನ ಹಿಂದೆ ಕೂತು, ಎಲ್ಲಿಗೂ ಹೋಗದ ಸೈಕಲ್ಲನ್ನು ತುಳಿದ. ಬೀದಿಯವರು ನಿಂತು ನೋಡಿದರು. ಹಳೆಯ ವರ್ಕ್‌ಶಾಪಿನವನೊಬ್ಬ ಗಾಜು ತಟ್ಟಿ, “ಮೇಸ್ತ್ರೀ, ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತೆ?” ಎಂದು ಕೇಳಿ ಹೋದ. ಮೊದಲನೆಯದರ ಬಣ್ಣ ಅರ್ಧ ಗಂಟೆಗೇ ಬಯಲಾಯಿತು, ಉರಿ ಶುರುವಾಯಿತು. ಎರಡನೆಯದರ ಹೊಲಿಗೆ ತೊಡೆಸಂದಿಗೆ ತಾಗುತ್ತಿತ್ತು. ಮೂರನೆಯದು ತೆಳ್ಳಗೆ, ನೋಡಿದರೆ ಇದೇನು ಪ್ಯಾಡು ಎನ್ನಬೇಕು, ಹಾಗಿತ್ತು. ಮೊದಲ ಹತ್ತು ನಿಮಿಷ ಹಲಗೆಯ ಮೇಲೆ ಕೂತಂತೆ. ಆಮೇಲೆ ಅವನು ಬೀದಿಯ ಜನರನ್ನು ನೋಡತೊಡಗಿದ. ಗಂಟೆ ಕಳೆದು ಹೆಂಗಸು ಕೂಗಿದಾಗಲೇ, ತಾನು ಕೂತಿದ್ದೇನೆಂಬುದು ಅವನಿಗೆ ಮತ್ತೆ ನೆನಪಾದದ್ದು. ಅದನ್ನೇ ಕೊಂಡ. ಉಳಿದ ದಿನಗಳಲ್ಲಿ ಎರಡು ಸಲ ಎಂಬತ್ತು ಕಿಲೋಮೀಟರು ಓಡಿಸಿಯೂ ನೋಡಿದ, ಉರಿ ಬರಲಿಲ್ಲ. ಆದರೂ ಎದೆಯ ಯಂತ್ರ ನಿಲ್ಲಲಿಲ್ಲ. ಎಂಬತ್ತು ಇನ್ನೂರಲ್ಲವಲ್ಲ.

ಆ ಭಾನುವಾರ ಆರಕ್ಕೆ ಹೊರಟ. ತೊಂಬತ್ತು ಬಂತು, ಹೋಯಿತು. ನೂರಕ್ಕೆ ತಿರುಗಿದ. ವಾಪಸು ದಾರಿಯಲ್ಲಿ ಎದುರುಗಾಳಿ. ನೂರ ಮೂವತ್ತರ ಹತ್ತಿರ, ಹೋದ ಸಲ ವ್ಯಾನು ಹತ್ತಿದ ಮರದ ಕೆಳಗೆ, ಕಾಲು ತಾನಾಗಿ ನಿಧಾನವಾಯಿತು. ಇನ್ನೇನು ಉರಿ ಶುರುವಾಗುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕಾದ. ಉರಿ ಬರಲಿಲ್ಲ, ಮೊಣಕಾಲು ನೋಯುತ್ತಿತ್ತು, ಕುತ್ತಿಗೆ ಹಿಡಿದಿತ್ತು, ಅಷ್ಟೇ. ಆದರೆ ಗಾಳಿ ಹೊತ್ತನ್ನು ತಿನ್ನುತ್ತಿತ್ತು. ನೂರ ಅರವತ್ತಕ್ಕೆ ಗಡಿಯಾರ ನೋಡಿದ, ನೂರ ಅರವತ್ತೊಂದಕ್ಕೆ ಮತ್ತೆ ನೋಡಿದ. ಬಾಳೆಹಣ್ಣನ್ನು ತುಳಿಯುತ್ತಲೇ ತಿಂದ. ಜೊತೆಗಾರರು ಟೀ ಅಂಗಡಿಯಲ್ಲಿ ಕರೆದರೂ ನಿಲ್ಲಲಿಲ್ಲ. ನಿಂತರೆ ಸೈಕಲ್ಲು ಭಾವಮೈದುನನ ಹಿತ್ತಲಲ್ಲಿ ಒದ್ದೆ ಲುಂಗಿ ಹೊತ್ತು ನಿಂತಿರುವುದು ಕಾಣುತ್ತಿತ್ತು.

ಹೊರಟ ಜಾಗವೆಂದರೆ ಸ್ಟೇಡಿಯಮ್ಮಿನ ಗೇಟು. ಅಲ್ಲಿ ಮೇಜು ಹಾಕಿಕೊಂಡಿದ್ದವನು ವೇಳೆ ಬರೆದುಕೊಂಡ: ಏಳು ಗಂಟೆ ಇಪ್ಪತ್ತೊಂದು ನಿಮಿಷ. ಒಂಬತ್ತು ನಿಮಿಷ ಮಿಕ್ಕಿತ್ತು.

ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೊಣಗಣ್ಣ ಕೂತಿದ್ದ, ಕುರ್ಚಿ ಸರಿಯಿಲ್ಲವೆಂದು ಗೊಣಗುತ್ತಾ. ಹೆಂಡತಿ ಮಾತ್ರ ಕೂತಿರಲಿಲ್ಲ. ಸಂಜೆ ಆರು ಗಂಟೆಯಿಂದ ಗೇಟಿನ ಈ ಕಂಬದಿಂದ ಆ ಕಂಬಕ್ಕೆ ಓಡಾಡುತ್ತಿದ್ದಳೆಂದು ಮುದುಕ ಆಮೇಲೆ ಹೇಳಿದ. ಕೈಚೀಲದಲ್ಲಿ ನೀರಿನ ಬಾಟಲಿ, ಅದರ ಪಕ್ಕ ಮುಲಾಮಿನ ಡಬ್ಬಿ. ಅವನು ಸೈಕಲ್ಲಿನಿಂದ ಇಳಿದು ನಡೆದು ಬಂದ ರೀತಿಯನ್ನೇ ಹೆಜ್ಜೆ ಹೆಜ್ಜೆಗೂ ನೋಡಿದಳು. ಡಬ್ಬಿಯನ್ನು ಹೊರಗೆ ತೆಗೆಯಲಿಲ್ಲ. ಇನ್ನೊಂದು ಕುರ್ಚಿಯನ್ನು ಅವನ ಕಡೆ ಎಳೆದಳು.

“ಬನ್ನಿ, ಇವತ್ತಾದರೂ ಒಂದ್ಗಳಿಗೆ ಕೂತ್ಕೊಳ್ಳಿ.”

ಮೇಸ್ತ್ರಿ ಕುರ್ಚಿಯನ್ನು ನೋಡಿದ. ಹೆಬ್ಬೆರಳು ಅಭ್ಯಾಸದಿಂದ ಅದರ ಕಡೆ ಚಾಚಿ ಹಿಂದಕ್ಕೆ ಬಂತು. ನೀರಿನ ಬಾಟಲಿ ತೆಗೆದುಕೊಂಡು ನಿಂತೇ ಗಟಗಟ ಕುಡಿದ.

“ಬೆಳಿಗ್ಗೆಯಿಂದ ಕೂತೇ ಇದ್ದೀನಲ್ಲೇ,” ಎಂದ.