ಸೂಜಿಯ ಮುಂದೆ ದಾಕ್ಷಿಣ್ಯ

ಕುತ್ತಿಗೆಯ ಬುಡದಲ್ಲಿ ಚುಚ್ಚಿದ್ದ ಸೂಜಿ ಇನ್ನಷ್ಟು ಒಳಗೆ ಹೋದದ್ದೇ, ಹೆಬ್ಬೆರಳಿನವರೆಗೂ ಕರೆಂಟು ಹೊಡೆದ ಹಾಗಾಯಿತು. "ಏನಾದ್ರೂ ಆಯ್ತಾ ಅಮ್ಮ?" ಎಂದು ಅರಿವಳಿಕೆ ಡಾಕ್ಟರು ಕೇಳಿದರು. ನಾನು ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲ, ನೀವು ಮಾಡಿ" ಎಂದೆ.

ಹೊಸನಗರದಲ್ಲಿ ಬ್ಲೌಸ್ ಹೊಲಿಯುವವಳು ನಾನು. ಹೊಳೆಬಾಗಿಲಿನಲ್ಲಿ ಹೊಳೆ ದಾಟಿಸುವ ಲಾಂಚ್ ಇಳಿಯುವಾಗ ಜಾರಿ ಬಿದ್ದು ಬಲಗೈ ಮೂಳೆ ಮುರಿದಿತ್ತು. ಆಪರೇಷನ್‌ಗೆಂದು ಆ ಕೈಯೊಂದನ್ನೇ ಮರಗಟ್ಟಿಸುವುದಿತ್ತು. ಕರೆಂಟು ಹೊಡೆದಂತಾದರೆ ತಕ್ಷಣ ಹೇಳಬೇಕೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆದರೆ ಸ್ಕ್ಯಾನಿಂಗ್ ಪರದೆ ನೋಡುತ್ತಾ ಅಷ್ಟು ಜತನದಿಂದ ಚುಚ್ಚುತ್ತಿರುವವರಿಗೆ ನೋವಾಯಿತೆಂದು ಹೇಗೆ ಹೇಳುವುದು?

ನನ್ನ ಹೆಬ್ಬೆರಳು ತಟ್ಟನೆ ಅದುರಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಔಷಧಿ ಒಳಗೆ ಬಿಡದೆ ಸೂಜಿಯನ್ನು ಹಿಂದಕ್ಕೆಳೆದುಕೊಂಡರು.

"ಸೂಜಿ ನರಕ್ಕೆ ತಾಗಿರ್ಬೋದು. ಪರದೆ ಮೇಲೆ ನರ ಕಾಣ್ತದೆ, ನಿಮಗೆ ಏನಾಗ್ತಿದೆ ಅಂತ ಕಾಣಲ್ಲ. ಇದೇನು ನೆಂಟರ ಮನೆ ಊಟನಾ, ದಾಕ್ಷಿಣ್ಯ ಮಾಡ್ಕೊಳ್ಳಕ್ಕೆ? ಹೊಲಿಯೋ ಕೈ ಬೇಕೋ ಬೇಡ್ವೋ?"

ನರ್ಸಮ್ಮ ಮುಖ ತಿರುಗಿಸಿ ನಕ್ಕರು. ಡಾಕ್ಟರು ಸೂಜಿಯ ದಾರಿ ಬದಲಿಸಿ ಮತ್ತೆ ಮುಂದುವರಿಸಿದರು. ಈ ಸಲ "ಅಯ್ಯೋ" ಎನ್ನಲು ನಾನು ಬಾಯಿ ತೆರೆದುಕೊಂಡೇ ಕಾದೆ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ನನ್ನದೇ ಅಲ್ಲವೆಂಬಂತೆ ತಣ್ಣಗೆ ಮಲಗಿತು.

ಮೂಳೆ ಕೂಡಿ ಕೈ ಸರಿಯಾದ ಮೇಲೆ, ಮೊನ್ನೆ ಹುಂಚದ ನಾದಿನಿ ಮನೆಯಲ್ಲಿ ಮೂರನೇ ಹೋಳಿಗೆ ಬಂದಾಗ, ಡಾಕ್ಟರನ್ನು ನೆನೆದು ಗಟ್ಟಿಯಾಗಿ "ಸಾಕು" ಎಂದೆ. ನಾದಿನಿ ಡಾಕ್ಟರಲ್ಲವಲ್ಲ, ಹೋಳಿಗೆ ಎಲೆಗೆ ಬಿದ್ದೇಬಿಟ್ಟಿತು. ಐದೂ ಬೆರಳು ನೆಟ್ಟಗಿರುವ ಬಲಗೈಯಲ್ಲಿ ಮುರಿದು ತಿಂದೆ.