ಕಚ್ಚಿದ್ದು ಮೀನಲ್ಲ

ಸಮುದ್ರಕ್ಕೆ ಹೋಗೋಣ ಅಂತ ಮೊದಲು ಹೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದನ್ನು ಬೇರೆ ಯಾರ ತಲೆಗಾದರೂ ಕಟ್ಟುವ ಆಸೆ ನನಗೆ ಹಲವು ಸಲ ಬಂದಿದೆ.

ರಂಗಂಪೇಟೆಯಲ್ಲಿ ನಮ್ಮದೊಂದು ವಾಕಿಂಗ್ ಗುಂಪು. ಒಂಬತ್ತು ಹೆಂಗಸರು. ಬೆಳಗಾಗುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಸೇರಿ ಸುರಪುರದ ಗುಡ್ಡದ ಕಡೆ ಹೊರಡುತ್ತೇವೆ. ನಡಿಗೆಗಿಂತ ಮಾತೇ ಜಾಸ್ತಿ. ನಾನು ಶಹಾಪುರದಲ್ಲಿ ನರ್ಸ್ ಕೆಲಸಕ್ಕಿರುವುದರಿಂದ ಎಲ್ಲರಿಗೂ ಸಿಸ್ಟರ್. ಹೊಲಿಗೆ ಅಂಗಡಿ ಇಟ್ಟಿರುವ, ಮನೆಯಲ್ಲಿ ಉರ್ದು ಮಾತಾಡುವ ಗೆಳತಿಯನ್ನು ಎಲ್ಲರೂ ಆಪಾ ಅನ್ನುತ್ತೇವೆ. ಶಾಲೆಯಲ್ಲಿ ಕಲಿಸುವವಳು ಟೀಚರ್. ಕಿರಾಣಿ ಅಂಗಡಿ ಮನೆತನದ ಹಿರಿಯಳು ದೊಡ್ಡವ್ವ. ಹಣೆಯ ಮೇಲೆ ವಿಭೂತಿ ಇಲ್ಲದೆ ಹೊರಗೆ ಕಾಲಿಟ್ಟವಳಲ್ಲ. ಅರವತ್ತು ದಾಟಿ ಎಷ್ಟೋ ವರ್ಷಗಳಾದರೂ ಆಕೆ ಸಮುದ್ರ ನೋಡಿರಲಿಲ್ಲ.

ನಾನು ಒಂದು ದಿನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ಎಂಬ ದ್ವೀಪದ ಹತ್ತಿರ ಹೋಗಿ, ಕಣ್ಣಿಗೆ ಗಾಜಿನ ಮಾಸ್ಕ್, ಬಾಯಿಗೆ ಸ್ನಾರ್ಕೆಲ್ ಎಂಬ ಕೊಳವೆ ಹಾಕಿಕೊಂಡು ನೀರಿನ ಮೇಲೆ ಬೋರಲು ತೇಲುವುದು. ಕೆಳಗೆ ಬಣ್ಣಬಣ್ಣದ ಮೀನು.

ದೊಡ್ಡವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಕೇಳಿದಳು. "ನಾರಾಯಣಪುರದ ಡ್ಯಾಮಿನ ನೀರಿನಷ್ಟ ಇರತೈತೇನು?"

"ಅದಕಿಂತ ದೊಡ್ಡದು ದೊಡ್ಡವ್ವ. ಆಚಿ ದಂಡಿ ಕಾಣಂಗಿಲ್ಲ."

"ಹಂಗಾರ ನಡೀರಿ. ನಾನೂ ತಲಿ ಮುಳಗಿಸಿ ನೋಡಾಕಿ."

ದೊಡ್ಡವ್ವ ಹೂಂ ಅಂದಮೇಲೆ ಉಳಿದವರದೇನು. ನಾನಂತೂ ಗುರುವೇ ಆಗಿಬಿಟ್ಟೆ. ಒಂದು ಸ್ನಾರ್ಕೆಲ್ ತರಿಸಿ, ನಮ್ಮ ಅಂಗಳದಲ್ಲಿ ಟಬ್ಬಿಗೆ ನೀರು ತುಂಬಿ, ಒಬ್ಬೊಬ್ಬರನ್ನೇ ಮುಖ ಮುಳುಗಿಸಲು ಹಚ್ಚಿದೆ. "ಮೂಗಿನಿಂದ ಅಲ್ರಿ, ಬಾಯಿಂದ ಉಸಿರು. ಗಾಬರಿ ಆಗಬಾರದು. ಗಾಬರಿ ಆದ್ರನ ತ್ರಾಸು," ಅಂತ ಬೆನ್ನ ಮೇಲೆ ಕೈಯಿಟ್ಟು ಹೇಳುತ್ತಿದ್ದೆ. ಆಪಾ ಎಲ್ಲರಿಗೂ ಒಂದೇ ತಾನಿನಿಂದ ನೀರಿನ ಬಟ್ಟೆ ಹೊಲಿದಳು. ದಟ್ಟ ನೇರಳೆ ಬಣ್ಣ, ಮುಂಗೈವರೆಗೆ ತೋಳು, ಕಣಕಾಲಿನವರೆಗೆ ಪೈಜಾಮ, ನೀರಲ್ಲಿ ಮೇಲೇಳದ ಹಾಗೆ ಅಂಚಿಗೆ ಇಲಾಸ್ಟಿಕ್. ನನ್ನ ಅಳತೆ ತೆಗೆಯುವಾಗ ಕೇಳಿದಳು. "ಸಿಸ್ಟರ್, ನಿಂಗ ಈಜು ಬರತದಲ್ಲ?"

"ಲೈಫ್ ಜಾಕೆಟ್ ಇರತೈತಿ ಆಪಾ. ಈಜು ಬರಬೇಕಂತಿಲ್ಲ," ಅಂದೆ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆಪಾ ನನ್ನ ತೋಳಿನ ಅಳತೆ ಬರೆದುಕೊಂಡಳು.

ಸಂಕ್ರಾಂತಿ ಮುಗಿದ ಮೇಲೆ ಬಾಡಿಗೆಯ ಟಿ.ಟಿ. ಗಾಡಿಯಲ್ಲಿ ಹೊರಟೆವು. ರೊಟ್ಟಿ, ಶೇಂಗಾ ಹಿಂಡಿ, ಆಪಾ ಮಾಡಿದ ಖಾರದ ಕೋಳಿ ಬೇರೆ ಡಬ್ಬಿಯಲ್ಲಿ. ಮುರುಡೇಶ್ವರದಲ್ಲಿ ದೇವರ ದರ್ಶನ ಮಾಡಿ, ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ನೇರಳೆ ಬಟ್ಟೆ ತೊಟ್ಟ ಒಂಬತ್ತು ಹೆಂಗಸರನ್ನು ನೋಡಿ ದಂಡೆಯಲ್ಲಿದ್ದ ಕಾಲೇಜು ಹುಡುಗಿಯರು ಫೋಟೊ ತೆಗೆದುಕೊಂಡರು. ದೊಡ್ಡವ್ವ ಅವರತ್ತ ಕೈ ಬೀಸಿದಳು.

ದೋಣಿಯಲ್ಲಿ ಓಡಿಸುವವನನ್ನು ಬಿಟ್ಟು ಇಬ್ಬರು ಗೈಡುಗಳಿದ್ದರು. ಹಿರಿಯ ಗೈಡಿಗೆ ನಲವತ್ತರ ಆಸುಪಾಸು. ಗಟ್ಟಿಮುಟ್ಟಾದ ಆಳು, ಮೆಲ್ಲಗೆ ಮಾತಾಡುತ್ತಿದ್ದ. ಅಲ್ಲಿಯೂ ನಾನು ಸುಮ್ಮನೆ ಕೂರಲಿಲ್ಲ. ಆತ ಒಂದು ಹೇಳಿದರೆ ನಾನು ನಮ್ಮ ಭಾಷೆಯಲ್ಲಿ ಎರಡು ಸೇರಿಸಿ ಹೇಳುತ್ತಿದ್ದೆ. ಆತ ನಗುತ್ತ, "ಅಮ್ಮ ಮುಂಚೆ ಬಂದಿದ್ರಾ?" ಅಂದ. "ಇಲ್ರಿ, ಆದ್ರ ಎಲ್ಲಾ ಗೊತ್ತೈತಿ," ಅಂದೆ. ಈ ಮಾತು ನೆನಪಾದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ದ್ವೀಪಕ್ಕೆ ದಂಡೆ ಇರಲಿಲ್ಲ. ನೀರಿನಿಂದ ನೇರವಾಗಿ ಎದ್ದ ಕರಿಬಂಡೆ, ಮೇಲೆ ಹಸಿರು, ಸುತ್ತ ಹಾರುವ ಹಕ್ಕಿಗಳು. ಬಂಡೆಯ ನೆರಳಲ್ಲಿ ಲಂಗರು ಹಾಕಿದರು. ಯಾರೇ ನೀರಿಗಿಳಿದರೂ ಇಬ್ಬರು ಗೈಡುಗಳು ಜೊತೆಗಿರಲೇಬೇಕು, ಒಬ್ಬೊಬ್ಬರಾಗಿ ಇಳಿಯಬೇಕು ಅಂದರು.

"ಮೊದ್ಲ ನೀ ಇಳಿ," ಅಂದಳು ದೊಡ್ಡವ್ವ. ಆಗಲೇ ಮಾಸ್ಕ್ ಹಣೆಗೇರಿಸಿ ಕೂತಿದ್ದಳು. "ನಿನ್ನ ಹಿಂದ ನಾನ."

ಏಣಿಯ ಮೇಲೆ ಕಾಲಿಟ್ಟಾಗಲೇ ಹೆದರಿಕೆ ಶುರುವಾಗಿತ್ತು. ತೋರಿಸಿಕೊಳ್ಳಲಿಲ್ಲ. ಹಿರಿಯ ಗೈಡು ನನ್ನ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡ. ಮುಖ ಕೆಳಗೆ ಹಾಕಿದೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಕೆಳಗೆ, ಬಂಡೆಯ ಮಗ್ಗುಲಲ್ಲಿ, ಹಳದಿ ಮೀನುಗಳ ಒಂದು ಹಿಂಡು ಒಟ್ಟಿಗೆ ತಿರುಗಿತು. ಎಷ್ಟು ಚೆಂದ ಅಂದುಕೊಂಡೆ. ಅದರಾಚೆ ನೋಡಿದೆ. ಬಂಡೆ ಮುಗಿದು, ನೆಲವೇ ಇಲ್ಲದೆ ಬರೀ ನೀಲಿ ಕೆಳಗೆ ಇಳಿಯುತ್ತ ಹೋಗಿತ್ತು. ನನ್ನ ಕಾಲ ಕೆಳಗೆ ಏನೂ ಇರಲಿಲ್ಲ.

ಅಷ್ಟರಲ್ಲಿ ಸಣ್ಣದೊಂದು ತೆರೆ ಬಂದು ಕೊಳವೆಯಲ್ಲಿ ನೀರು ಹೊಕ್ಕಿತು. ಉಪ್ಪು ಗಂಟಲಿಗಿಳಿಯಿತು. ಟಬ್ಬು, ಪಾಠ, ಎಲ್ಲಾ ಮರೆತುಹೋಯಿತು. ಆ ಮನುಷ್ಯನ ಕುತ್ತಿಗೆಗೆ ಜೋತುಬಿದ್ದೆ, ತಲೆಗೂದಲು ಹಿಡಿದು ಎಳೆದೆ, ಒದ್ದೆ. ಆತ "ಉಗುಳಿ, ಕೊಳವೆ ಉಗುಳಿ ಅಮ್ಮ" ಅನ್ನುತ್ತಿದ್ದುದು ಕೇಳಿಸುತ್ತಿತ್ತು. ಆದರೆ ನನ್ನ ಹಲ್ಲುಗಳು ಅದನ್ನು ಬಿಡುತ್ತಿರಲಿಲ್ಲ. ಆತ ಕೊನೆಗೆ ತಾನೇ ಬಾಯಿಗೆ ಕೈ ಹಾಕಿ ಅದನ್ನು ಕಿತ್ತ. ನಾನು ಆ ಕೈಯನ್ನು ಕಚ್ಚಿದೆ. ಸುಮ್ಮನೆ ಹಲ್ಲು ತಾಗಿದ್ದಲ್ಲ. ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿ, ಗೈಡುಗಳಿಬ್ಬರೂ ಸೇರಿ ನನ್ನನ್ನು ಏಣಿಗೆ ತರುವವರೆಗೆ ಬಿಡಲಿಲ್ಲ.

ದೋಣಿಯ ಮೇಲೆ ಬಿದ್ದವಳು ಕೆಮ್ಮಿ, ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಾಗ ಬಿಳಿ ಹಲಗೆಯ ಮೇಲೆ ರಕ್ತದ ಹನಿಗಳಿದ್ದವು. ನನ್ನದೇ ಅಂದುಕೊಂಡೆ. ಆತ ಮೂಲೆಯಲ್ಲಿ ಕೈ ಹಿಡಿದು ಕೂತಿದ್ದ.

"ನಂಗೆ ಮೀನು ಕಚ್ಚಿದ್ದುಂಟು ಅಮ್ಮ," ಅಂದ ಆತ, ನಗಲು ಪ್ರಯತ್ನಿಸುತ್ತ. "ಮನುಷ್ಯರು ಕಚ್ಚಿದ್ದು ಇದೇ ಫಸ್ಟು."

ಯಾರೋ ಕಿಸಕ್ಕನೆ ನಕ್ಕು ತಡೆದುಕೊಂಡರು. ಆ ದೋಣಿಯಲ್ಲಿ ಗಾಯ ಕಟ್ಟಲು ಬರುತ್ತಿದ್ದವಳು ನಾನೊಬ್ಬಳೇ. ದೋಣಿಯಲ್ಲಿದ್ದ ಔಷಧದ ಡಬ್ಬಿ ತರಿಸಿದೆ. ಕುಡಿಯುವ ನೀರಿನಿಂದ ತೊಳೆದೆ. ನನ್ನ ಹಲ್ಲುಗಳ ಸಾಲು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು; ಎರಡು ಕಡೆ ಚರ್ಮ ಹರಿದು ಒಳಗಿನ ಮಾಂಸ ಬೆಳ್ಳಗೆ ತೋರುತ್ತಿತ್ತು. ಬಟ್ಟೆ ಸುತ್ತುವಾಗ ಗಂಟು ಸಡಿಲಾಯಿತು. ಆತ ಇನ್ನೊಂದು ಕೈಯಿಂದ ತುದಿ ಹಿಡಿದು ಸಹಾಯ ಮಾಡಿದ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಕಿರಿಯ ಗೈಡು ಮತ್ತು ದೋಣಿಯವನು ಏನೋ ಮಾತಾಡಿಕೊಂಡರು. ಗಾಯವಾದ ಕೈಯಲ್ಲಿ ನೀರಿಗಿಳಿಯುವಂತಿಲ್ಲ. ಒಬ್ಬನೇ ಗೈಡಿನ ಮೇಲೆ ಯಾರನ್ನೂ ಇಳಿಸುವಂತಿಲ್ಲ. ದೋಣಿ ವಾಪಸು ಹೊರಟಿತು.

ನಮ್ಮಲ್ಲಿ ಒದ್ದೆಯಾಗಿದ್ದವಳು ನಾನೊಬ್ಬಳೇ. ಉಳಿದ ಎಂಟು ಜನರ ನೇರಳೆ ಬಟ್ಟೆಯ ಮೇಲೆ ಒಂದು ಹನಿ ನೀರಿರಲಿಲ್ಲ. ದೊಡ್ಡವ್ವ ಹಣೆಯ ಮೇಲಿನ ಮಾಸ್ಕನ್ನು ನಿಧಾನವಾಗಿ ತೆಗೆದು, ರಬ್ಬರಿನ ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿ, ಪಕ್ಕಕ್ಕಿಟ್ಟಳು. ಅದರ ಪಟ್ಟಿ ಉಜ್ಜಿ ಹಣೆಯ ವಿಭೂತಿ ಅಳಿಸಿಹೋಗಿತ್ತು. ನನ್ನ ಕಡೆ ನೋಡಿ, "ಸಮುದ್ರ ನೋಡಿದ್ನೆಲ್ಲವಾ. ಅಷ್ಟ ಸಾಕು," ಅಂದಳು. ಆಕೆ ಬೈದಿದ್ದರೆ ಸಹಿಸಬಹುದಿತ್ತು.

ಬೈದವಳು ನಮ್ಮ ಗುಂಪಿನ ಟೀಚರ್. ಅವಳೂ ನನಗೆ ನೇರವಾಗಿ ಹೇಳಲಿಲ್ಲ. ಪಕ್ಕದವಳಿಗೆ ಹೇಳುವ ಹಾಗೆ, ಇಂಜಿನ್ನಿನ ಸದ್ದಿನಲ್ಲೂ ನನಗೆ ಕೇಳುವ ಹಾಗೆ ಅಂದಳು. "ತನಗ ಬರದಿದ್ರ ಬರಂಗಿಲ್ಲ ಅನಬೇಕಿತ್ತು. ಊರಿಗೆಲ್ಲಾ ಪಾಠ ಹೇಳೋದು ಯಾಕ ಬೇಕಿತ್ತು?"

"ಚುಪ್ ಕೂಡ್ರು," ಅಂದಳು ಆಪಾ. ತನ್ನ ಒಣ ದುಪಟ್ಟಾ ನನ್ನ ಹೆಗಲ ಮೇಲೆ ಹೊದಿಸಿದಳು. ನಾನದನ್ನು ಮುಖದ ಮೇಲೆ ಎಳೆದುಕೊಂಡೆ. ದಂಡೆ ಬರುವವರೆಗೆ ತೆಗೆಯಲಿಲ್ಲ.

ಇಳಿದ ಮೇಲೆ ಆತ ಮನೆಗೆ ಹೊರಟಿದ್ದ. "ಉಪ್ಪುನೀರು ತಾಗಿದೆ, ಅದೇ ಮದ್ದು," ಅಂದ. ನಾನು ಬಿಡಲಿಲ್ಲ. ಮನುಷ್ಯರ ಬಾಯಿಯಷ್ಟು ಹೊಲಸು ಬೇರೆ ಇಲ್ಲ, ಕೈಗೆ ಕಚ್ಚಿದ ಗಾಯ ಕೆಟ್ಟರೆ ಬೆರಳೇ ಬಗ್ಗದ ಹಾಗಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹೆಬ್ಬೆರಳು ಬಗ್ಗದಿದ್ದರೆ ಈ ಮನುಷ್ಯ ಹಗ್ಗ ಹಿಡಿಯುವುದು ಹೇಗೆ? ಆತನನ್ನೂ ಆಪಾಳನ್ನೂ ಕರೆದುಕೊಂಡು, ಒದ್ದೆ ಬಟ್ಟೆಯಲ್ಲೇ, ಆಟೋದಲ್ಲಿ ಒಂದು ಸಣ್ಣ ದವಾಖಾನೆಗೆ ಹೋದೆ.

ಒಳಗೆ ಬೆಂಚಿನ ತುಂಬ ಜನ. ಪರದೆ ಕೂಡ ಇಲ್ಲದ ಮೂಲೆಯಲ್ಲಿ ವಯಸ್ಸಾದ ಡಾಕ್ಟರು ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು.

"ಎಂತ ಕಚ್ಚಿದ್ದು?"

"ಮೀನು," ಅಂದ ಆತ. ಸ್ವಲ್ಪವೂ ತಡವರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಡಾಕ್ಟರು ತಲೆಯಾಡಿಸಿ, ಹೊಲಿಗೆ ಹಾಕುವ ಸಾಮಾನು ತರಲು ಕಂಪೌಂಡರಿಗೆ ಹೇಳಿದರು. ಆತ ನನ್ನ ಮಾನ ಉಳಿಸಲು ಹಾಗೆ ಹೇಳಿದ್ದ. ಒಂದು ಕ್ಷಣ ಆ ಸುಳ್ಳಿನಲ್ಲಿ ನನಗೆ ಎಷ್ಟು ಹಾಯೆನಿಸಿತೆಂದರೆ, ಬಾಯಿ ಮುಚ್ಚಿಕೊಂಡು ನಿಂತೇ ಇದ್ದೆ. ಆದರೆ ಮನುಷ್ಯ ಕಚ್ಚಿದ ಗಾಯವನ್ನು ಹೊಲಿದು ಮುಚ್ಚಿದರೆ ಒಳಗೇ ಕೀವು ಕಟ್ಟುತ್ತದೆ. ಕೊಡಬೇಕಾದ ಔಷಧವೂ ಬೇರೆ. ಕಂಪೌಂಡರು ಸೂಜಿಗೆ ದಾರ ಹಾಕುತ್ತಿದ್ದ.

"ಮೀನಲ್ರಿ ಡಾಕ್ಟ್ರ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಬೇಕಾಯಿತು, ಈ ಸಲ ಜೋರಾಗಿ. "ಮೀನಲ್ಲ. ನಾನ ಕಚ್ಚೀನಿ."

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಡಾಕ್ಟರು ಕನ್ನಡಕ ಕೆಳಗಿಳಿಸಿ, ತಲೆಗೂದಲು ಕೆದರಿ ಇನ್ನೂ ಒದ್ದೆ ಬಟ್ಟೆಯಲ್ಲಿದ್ದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನೀವಾ? ಯಾಕಮ್ಮ?"

"ಹೆದರಿಕಿ ಆತ್ರಿ," ಅಂದೆ. ಆಮೇಲೆ, ಅದನ್ನೂ ಹೇಳದೆ ಗತಿಯಿರಲಿಲ್ಲ ಎಂಬಂತೆ, "ನಾನೂ ನರ್ಸ್ ಅದೀನ್ರಿ. ಹೊಲಿಗಿ ಬ್ಯಾಡ್ರಿ," ಅಂದೆ.

ಯಾರೋ ಒಬ್ಬ ಮುದುಕ ಗಟ್ಟಿಯಾಗಿ ನಕ್ಕ. ಒಬ್ಬಳು ತಾಯಿ ತನ್ನ ಮಗುವನ್ನು ತನ್ನ ಕಡೆ ಎಳೆದುಕೊಂಡಳು. ಡಾಕ್ಟರು ಮಾತ್ರ ನಗಲಿಲ್ಲ. ಸೂಜಿ ಪಕ್ಕಕ್ಕಿಡಿಸಿ, ಗಾಯವನ್ನು ಸೋಪಿನ ನೀರಿನಿಂದ ಬಹಳ ಹೊತ್ತು ತೊಳೆಸಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದರು. "ಹೇಳಿದ್ದು ಒಳ್ಳೇದಾಯ್ತು," ಅಂದರು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಗೈಡು ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ. "ಹೇಳೂದು ಯಾಕೆ ಬೇಕಿತ್ತು ಅಮ್ಮ? ನಾನು ಸುಧಾರಿಸ್ತಿದ್ದೆ."

ಅವನ ಹೆಂಡತಿ ಸ್ಕೂಟರಿನಲ್ಲಿ ಬಂದಿದ್ದಳು. ಕೈ ನೋಡಿದಳು, ನನ್ನನ್ನು ನೋಡಿದಳು. ನಾನು ಕೈ ಮುಗಿದೆ. ಅವಳು ಮುಗಿಯಲಿಲ್ಲ. ಅವನನ್ನು ಹಿಂದೆ ಕೂರಿಸಿಕೊಂಡು ಹೊರಟುಹೋದಳು. ಅವಳದೇನೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆಯೇ ನಾವು ಊರಿಗೆ ಹೊರಡಬೇಕಿತ್ತು. ಇನ್ನೊಂದು ದೋಣಿ ಸಿಗಲಿಲ್ಲ. ಗಾಡಿಯಲ್ಲಿ ನಾನು ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ ಕೂತೆ. ಘಟ್ಟ ಹತ್ತಿ, ಕಾಡು ಮುಗಿದು ಬಯಲು ಶುರುವಾದಾಗ ದೊಡ್ಡವ್ವ ಸೀಟು ಹಿಡಿದುಕೊಂಡು ಓಲಾಡುತ್ತ ಬಂದು ಪಕ್ಕದಲ್ಲಿ ಕೂತಳು.

"ಒಳಗ ಏನ್ ಕಂಡಿ? ಅದನ್ನಾರ ಹೇಳು."

"ಏನಿಲ್ಲ ದೊಡ್ಡವ್ವ."

"ಒಂಬತ್ತು ಮಂದ್ಯಾಗ ತಲಿ ಮುಳಗಿಸಿದಾಕಿ ನೀನೊಬ್ಬಾಕಿ. ಏನಿಲ್ಲ ಅಂದ್ರ ಹೆಂಗ?"

ಹೇಳಿದೆ. ಹಳದಿ ಮೀನು ಒಟ್ಟಿಗೆ ತಿರುಗಿದ್ದು, ಬಂಡೆ ಮುಗಿದಲ್ಲಿ ನೆಲವಿಲ್ಲದ ನೀಲಿ. ಮುಂದಿನ ಸೀಟಿನವರು ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಎಷ್ಟು ಉದ್ದದ ಮೀನು, ಕಣ್ಣು ಹೇಗಿತ್ತು, ನಿನ್ನನ್ನು ನೋಡಿತೋ ಇಲ್ಲವೋ ಅಂತ ಕೇಳತೊಡಗಿದರು. ನಾನು ಕಂಡದ್ದು ಬಹಳ ಕಡಿಮೆ. ಇನ್ನಷ್ಟು ಸೇರಿಸಿ ಹೇಳಬಹುದಿತ್ತು. ಅವರು ಅದನ್ನೇ ಬಯಸಿದ್ದರು. ಆದರೆ ಸಾಕಾಗಿತ್ತು. "ಅಷ್ಟ ಕಂಡಿದ್ದು. ಆಮ್ಯಾಲ ಹೆದರಿದೆ," ಅಂದೆ. ಟೀಚರ್ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಗೈಡಿಗೆ ದಿನವೂ ಫೋನು ಮಾಡಿ ಬೆರಳು ಬಗ್ಗುತ್ತದೆಯೋ ಅಂತ ಕೇಳುತ್ತಿದ್ದೆ. ಕೊನೆಗೆ ಆತ, "ಬಗ್ತದೆ ಅಮ್ಮ, ನಾಳೆಯಿಂದ ದೋಣಿಗೆ ಹೋಗ್ತಿದ್ದೇನೆ, ಇನ್ನು ಫೋನ್ ಬೇಡ," ಅಂದ. ಒಳ್ಳೆಯ ಮಾತಿನಲ್ಲೇ ಅಂದ. ಆದರೂ ಫೋನು ಇಟ್ಟ ಮೇಲೆ ನಾಚಿಕೆಯಾಯಿತು. ಅವನ ಸಲುವಾಗಿಯೋ ನನ್ನ ಸಲುವಾಗಿಯೋ ಅಷ್ಟು ಸಲ ಕೇಳಿದ್ದು ಎಂಬುದು ನನಗೇ ತಿಳಿಯಲಿಲ್ಲ.

ಊರಲ್ಲಿ ಸುದ್ದಿ ಹಬ್ಬಿತ್ತು. ಯಾರೂ ಕೆಟ್ಟದಾಗಿ ಆಡಲಿಲ್ಲ, ನಕ್ಕರು ಅಷ್ಟೆ. ನಾನು ವಾಕಿಂಗ್ ಬಿಟ್ಟೆ. ಶಹಾಪುರದ ಬಸ್ಸಿಗೆ ಹೋಗಲು ಬೇರೆ ಓಣಿ ಹಿಡಿಯತೊಡಗಿದೆ. ಆಪಾ ಕರೆಯಲು ಬಂದರೆ ಡ್ಯೂಟಿ ಬದಲಾಗಿದೆ ಅಂದೆ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಟೀಚರ್ ಕೂತಿದ್ದಳು. ಕಾಲಿಗೆ ವಾಕಿಂಗಿನ ಬೂಟು. ನನ್ನ ಮುಖ ನೋಡದೆ, ಬೂಟಿನ ದಾರ ಬಿಚ್ಚಿ ಕಟ್ಟುತ್ತ ಹೇಳಿದಳು. "ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಆ ಮೀನು ನೋಡಬೇಕಂತ ಭಾಳ ಆಸಿ ಇತ್ತು ನನಗ."

"ಗೊತ್ತೈತಿ ಟೀಚರ್," ಅಂದೆ.

"ಗೊತ್ತಿದ್ರ ಚಪ್ಪಲಿ ಮೆಟ್ಟಿ ಬಾ. ಅವರೆಲ್ಲಾ ಮುಂದ ಹೋಗ್ಯಾರ."

ಅವಳು ಎದ್ದು ನಡೆದಳು. ನಾನು ತಲೆ ಕೂಡ ಬಾಚಿರಲಿಲ್ಲ. ಸೆರಗು ಸುತ್ತಿಕೊಂಡು, ಬಾಗಿಲು ಎಳೆದು, ಅವಳ ಹಿಂದೆ ಎರಡು ಮಾರು ದೂರದಲ್ಲಿ ನಡೆದೆ. ಗುಡ್ಡದ ತಿರುವಿನವರೆಗೂ ಅವಳು ತಿರುಗಿ ನೋಡಲಿಲ್ಲ, ಮಾತಾಡಲೂ ಇಲ್ಲ. ನನ್ನನ್ನು ಬಿಟ್ಟು ಮುಂದೆ ಹೋಗಲೂ ಇಲ್ಲ.